ಅವ್ವನ ಭಾಂಡೆಗಳೂ ನನ್ನ ಮೂರು ಅಡಾಪ್ಟರ್‌ಗಳೂ

ಕಂಪ್ಯೂಟರಿಗೆ ಒಂದು ವೈಫೈ ಅಡಾಪ್ಟರ್ ಆರಿಸಲು ನನಗೆ ಎರಡು ತಿಂಗಳು ಹಿಡಿಯಿತು. ಹೆಣ್ಣು ನೋಡಲು ಹೋದಾಗ ಅರ್ಧ ಗಂಟೆಯಲ್ಲಿ ಹೂಂ ಅಂದಿದ್ದವನು ನಾನು. ಈ ಮಾತನ್ನು ನನ್ನ ಹೆಂಡತಿ ಈಗಲೂ ಬಂದವರ ಮುಂದೆಲ್ಲ ಹೇಳುತ್ತಾಳೆ.

ಅವಸರ ಇದ್ದದ್ದು ಅವಳಿಗೇ. ಮದುವೆಯಾಗಿ ಹದಿನೆಂಟು ವರ್ಷದ ಮೇಲೆ ಮನೆಯಲ್ಲಿ ಕುಳಿತೇ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಳು. ಅವ್ವನ ತವರೂರು ದೇಗಾಂವ. ಅಲ್ಲಿಯ ಕಮಲನಾರಾಯಣ ಗುಡಿಯ ಮೇಲೆ ಪ್ರಬಂಧ ಬರೆದಿದ್ದಳು. ಅದರ ಮೌಖಿಕ ಪರೀಕ್ಷೆ ಆನ್‌ಲೈನಿನಲ್ಲಿ. ಗುಡಿಯ ಚಿತ್ರಗಳನ್ನು ಪರದೆಯ ಮೇಲೆ ತೋರಿಸುತ್ತ ಪರೀಕ್ಷಕರಿಗೆ ಉತ್ತರ ಹೇಳಬೇಕು. ನಡುವೆ ನೆಟ್‌ವರ್ಕ್ ಹೋದರೆ ಮತ್ತೆ ಒಂದು ವರ್ಷ ಕಾಯಬೇಕು.

ಸಂಪಗಾಂವದ ನಮ್ಮ ಮನೆ ಹಳೆಯದು. ವೈಫೈ ಪೆಟ್ಟಿಗೆ ಪಡಸಾಲೆಯಲ್ಲಿ, ಕಂಪ್ಯೂಟರ್ ಅಡುಗೆಮನೆಯಾಚೆಯ ಕೋಣೆಯಲ್ಲಿ. ವೈರು ಎಳೆಯೋಣವೆಂದರೆ ದೇವರಮನೆಯ ಬಾಗಿಲು ದಾಟಿಸಬೇಕು; ಅವ್ವ ಒಪ್ಪುವ ಮಾತಲ್ಲ. ಕಂಪ್ಯೂಟರನ್ನೇ ಪಡಸಾಲೆಗೆ ತರೋಣವೆಂದರೆ ಅಲ್ಲಿ ದಿನವಿಡೀ ಬಂದು ಹೋಗುವವರ ಹರಟೆ, ಚಹಾ. ಕುಳಿತವರನ್ನು ಎಬ್ಬಿಸುವ ರೂಢಿ ನಮ್ಮಲ್ಲಿಲ್ಲ. ಉಳಿದ ದಾರಿ ಒಂದೇ: ವೈರಿಲ್ಲದೆ ನೆಟ್‌ವರ್ಕ್ ಹಿಡಿದು ಕಂಪ್ಯೂಟರಿಗೆ ಕೊಡುವ ಅಡಾಪ್ಟರ್.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು, ಅಳೆದು ಸುರಿದು ನೋಡದೆ ಏನನ್ನೂ ಕೊಳ್ಳುವವನಲ್ಲ. ಬೈಲಹೊಂಗಲದ ಅಂಗಡಿಯಿಂದ ಮೊದಲು ತಂದದ್ದು ಉಗುರಿನಷ್ಟು ಅಡಾಪ್ಟರ್. ಚುಚ್ಚಿದ ಕೂಡಲೇ ನೆಟ್‌ವರ್ಕಿನ ಒಂದು ಗೆರೆ ಬಂತು, ನನ್ನ ಮುಖ ನೋಡಿ ಅದೂ ಹೋಯಿತು. ಎರಡನೆಯದು ಸಿಪಿಯು ಒಳಗೆ ಕೂಡಿಸುವ ಕಾರ್ಡು, ಬೆನ್ನಿಗೆ ಎರಡು ಆಂಟೆನಾ. ಅದನ್ನು ಕೊಳ್ಳುವಾಗ ನನ್ನ ಪ್ರಶ್ನೆಗಳಿಗೆ ಸೋತ ಅಂಗಡಿಯವನು ಕುರ್ಚಿ ಬಿಟ್ಟೆದ್ದು, "ಸರ್, ನೀವಽ ಇಲ್ಲಿ ಕುಂದರ್ರಿ, ನಾ ಹೊರಗ ನಿಂತು ಕೇಳತೇನಿ," ಅಂದ. ಅಷ್ಟೆಲ್ಲ ಕೇಳಿ ತಂದದ್ದಕ್ಕೆ ಎರಡು ಗೆರೆ ಬಂದವು.

ಮೂರನೆಯದಕ್ಕೆ ಉದ್ದ ಕೇಬಲ್ಲು, ಬೇಕಾದಷ್ಟು ಎತ್ತರದಲ್ಲಿ ಇಡಬಹುದಾದ ಆಂಟೆನಾ. ಅದನ್ನು ಜೋಡಿಸಿದ್ದು ದಸರೆಗೆ ಎರಡು ದಿನ ಮೊದಲು. ಗೆರೆಗಳೆಲ್ಲ ತುಂಬಿ ನಿಂತವು! "ನೋಡಿದೇನು? ಆರಿಸೂದು ಅಂದ್ರ ಹಿಂಗ," ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದೆ. ಸಂಜೆಗೆ ಮತ್ತೆ ಎರಡೇ ಗೆರೆ.

"ಅಡಾಪ್ಟರ್‌ದ ತಪ್ಪಲ್ರಿ," ಅಂದಳು ಅವಳು ಮೆಲ್ಲಗೆ. "ಮುಂಜಾನೆ ಅತ್ತಿಯವರ ಭಾಂಡೆ ಎಲ್ಲಾ ತಿಕ್ಕಾಕ ಹಿತ್ತಲಕ್ಕ ಹೋಗಿದ್ವು. ಸಂಜಿಕ ಗ್ವಾಡಿಗೆ ಏರಿದ್ವು. ನೆಟ್ ಆವಾಗಽ ಹೋತು."

ಆಗ ನನ್ನ ಕಣ್ಣಿಗೆ ಬಿತ್ತು. ಕಂಪ್ಯೂಟರಿಗೂ ಪಡಸಾಲೆಗೂ ನಡುವಿನ ಅಡುಗೆಮನೆಯ ಗೋಡೆಗೆ, ನೆಲದಿಂದ ಜಂತಿಯವರೆಗೆ, ಅವ್ವನ ಹಿತ್ತಾಳೆ, ತಾಮ್ರ, ಸ್ಟೀಲಿನ ಹಂಡೆ, ಕೊಡ, ಪರಾತ, ತಾಟುಗಳ ಸಾಲು. ಬಳಸುವುದು ನಾಲ್ಕೋ ಐದೋ, ಉಳಿದವೆಲ್ಲ ನೋಡುವವರಿಗೆ. ನಮ್ಮ ಕಡೆ ಮನೆಯ ಘನತೆ ತಿಳಿಯುವುದೇ ಆ ಗೋಡೆಯಿಂದ. ಲೋಹದ ಆ ಸಾಲು ನೆಟ್‌ವರ್ಕನ್ನು ಒಳಗೆ ಬಿಡುತ್ತಿರಲಿಲ್ಲ. ಮನೆಯ ಮೂಲೆಮೂಲೆಯ ಅಳತೆ ತೆಗೆದಿದ್ದ ನಾನು, ಹುಟ್ಟಿದಾಗಿನಿಂದ ನೋಡುತ್ತ ಬಂದ ಭಾಂಡೆಗಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆದರೆ ಇಳಿಸು ಎಂದು ಅವ್ವನಿಗೆ ಹೇಳುವವರಾರು? "ಈ ವಯಸ್ಸಿನಾಗ ಓದಿ ಏನ ಕಡದು ಕಟ್ಟಿ ಹಾಕ್ತಾಳ," ಎಂದು ಮೊದಲಿನಿಂದಲೂ ಗೊಣಗುತ್ತಿದ್ದವಳು ಆಕೆ. ಒಂದು ಕೆಮ್ಮಿಗೆ ಇಡೀ ತರಗತಿಯನ್ನು ಸುಮ್ಮನಾಗಿಸುವ ನಾನು ಮೂರು ಸಲ ಅಡುಗೆಮನೆಗೆ ಹೋಗಿ, ಮೂರು ಸಲವೂ ನೀರು ಕುಡಿದು ಬಂದೆ. "ನಿಮ್ಮವ್ವಗ ನೀವಽ ಹೇಳ್ರಿ," ಎಂದು ಅವಳು, "ನಾಳೆ ಹೇಳತೇನಿ," ಎಂದು ನಾನು, ಹೀಗೆ ಪಿಸುಗುಡುತ್ತಲೇ ಪರೀಕ್ಷೆಯ ದಿನ ಬಂತು.

ಆ ದಿನ ಮುಂಜಾನೆ ಹಿತ್ತಲಿನಲ್ಲಿ ಪಾತ್ರೆಗಳ ಸದ್ದು. ಹೋಗಿ ನೋಡಿದರೆ ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ಭಾಂಡೆ ತಂದು ಇಡುತ್ತಿದ್ದಳು. ನೆಟ್‌ವರ್ಕ್ ದಾಟದ ಗೋಡೆಯನ್ನು ನಮ್ಮ ಪಿಸುಮಾತು ಸಲೀಸಾಗಿ ದಾಟಿತ್ತು.

"ಹಬ್ಬ ಮುಗದೈತಲ್ಲವ್ವ, ಮತ್ಯಾಕ?" ಅಂದೆ, ಏನೂ ಗೊತ್ತಿಲ್ಲದವನ ಹಾಗೆ.

"ಸುಮ್ನ ಆ ಹಂಡೆ ಹಿಡಿ. ನಮ್ಮೂರ ಗುಡಿದು ಕೇಳ್ತಾರಂತ, ನನ್ನ ಭಾಂಡೆ ಅಡ್ಡ ಬಂದ್ವು ಅಂತ ಅನ್ನಿಸ್ಕೋಬೇಕೇನು ನಾ?"

ನಲವತ್ತು ನಿಮಿಷ ಒಂದು ಗೆರೆಯೂ ಅಲ್ಲಾಡಲಿಲ್ಲ. ಬಾಗಿಲಾಚೆ ನಿಂತ ನನಗೆ ಹೆಂಡತಿಯ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ನಮ್ಮ ಮನೆಯಲ್ಲಿ ಅವಳು ಅಷ್ಟು ಹೊತ್ತು ಮಾತಾಡಿದ್ದು, ನಡುವೆ ಯಾರೂ ಬಾಯಿ ಹಾಕದೆ ಕೇಳಿದ್ದು ಅದೇ ಮೊದಲು. ಹೆಮ್ಮೆ ಎನಿಸಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಅವಳು ಪಾಸಾದಳು. ಆಮೇಲೂ ಅವ್ವ ಭಾಂಡೆಗಳನ್ನು ಗೋಡೆಗೆ ಏರಿಸಲಿಲ್ಲ. ಮೊನ್ನೆ ಕಿತ್ತೂರಿನಿಂದ ಬಂದ ನನ್ನ ಸೋದರತ್ತೆ ಬರಿ ಗೋಡೆ ನೋಡಿ ಗಾಬರಿಯಾಗಿ, "ಭಾಂಡೆ ಎಲ್ಲಾ ಏನಾದ್ವು, ವೈನಿ?" ಎಂದು ಅವ್ವನನ್ನು ಕೇಳಿದಳು.

"ಅಟ್ಟದ ಮ್ಯಾಲ ಅದಾವ. ನನ್ನ ಸೊಸಿ ಇನ್ನೂ ಓದಾಕಿ ಅದಾಳ," ಅಂದಳು ಅವ್ವ.

ಮುಂದೆ ಓದುವ ಆಸೆಯನ್ನು ಹೆಂಡತಿ ನನ್ನ ಮುಂದೆ ಇನ್ನೂ ಹೇಳಿರಲೇ ಇಲ್ಲ. ಅವ್ವನಿಗೆ ಹೇಳಿದ್ದಳು.