ಹನ್ನೆರಡು ನಲವತ್ತಕ್ಕೆ ಹಡಗಲಿ

ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪ ಕೊಟ್ಟೂರಿನಿಂದ ಕೂಡ್ಲಿಗಿಗೆ ಜನರನ್ನು ಕೂರಿಸಿಕೊಂಡು ಜೀಪು ಓಡಿಸುತ್ತಿದ್ದ. ಹಸಿರು ಬಣ್ಣ ಎಲ್ಲಿ ಮುಗಿದು ತುಕ್ಕು ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದಂಥ ಜೀಪು. ಬಾಗಿಲುಗಳಿರಲಿಲ್ಲ. ಹಿಂದೆ ಎದುರುಬದುರು ಎರಡು ಸೀಟು, ಮೇಲೊಂದು ಟಾರ್ಪಾಲು. ಡೀಸೆಲ್ಲು, ಶೇಂಗಾ, ಎಲೆ ಅಡಿಕೆ, ಜನರ ಬೆವರು ಎಲ್ಲ ಸೇರಿದ ಒಂದು ವಾಸನೆ ಅದರೊಳಗಿತ್ತು. ಶಾಲೆಗೆ ಹೋದರೂ ಆ ವಾಸನೆ ನನ್ನ ಲಂಗ ಬಿಡುತ್ತಿರಲಿಲ್ಲ.

ಆ ವರ್ಷ ದೂರದ ಪಟ್ಟಣದ ಮೋಟಾರು ಸಂಘವೊಂದು ನಮ್ಮ ಕಡೆ ಕಾರುಗಳ ರೇಸು ನಡೆಸಿತು. ಚಾಂಪಿಯನ್ ಯಾರೆಂದು ತೀರ್ಮಾನವಾಗುವ ಕೊನೆಯ ಸುತ್ತು ಅದು. ಹಿಂದಿನ ಸುತ್ತುಗಳು ಬೇರೆ ಜಿಲ್ಲೆಗಳಲ್ಲಿ ಮುಗಿದಿದ್ದವು. ಹರಪನಹಳ್ಳಿಯಿಂದ ಹೊರಟು ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಸುತ್ತಿ, ಹಿರೇಹಡಗಲಿ ಮೇಲೆ ಹಾಯ್ದು ಮತ್ತೆ ಹರಪನಹಳ್ಳಿಗೇ ಬರಬೇಕು. ನೀವು ಫೋನಿನಲ್ಲಿ ನೋಡುತ್ತೀರಲ್ಲ, ಜೋರಾಗಿ ಓಡಿಸಿದವರೇ ಗೆದ್ದರು ಅನ್ನುವಂಥ ರೇಸಲ್ಲ. ಪ್ರತಿ ಊರಿನಲ್ಲೂ ಗಾಡಿಗಳು ನಿಲ್ಲಬೇಕಾದ ಒಂದು ಠಾಣ್ಯ. ಅಲ್ಲಿ ಒಬ್ಬ ಗಡಿಯಾರ ಹಿಡಿದು ಕೂತು, ನೀವು ಮುಟ್ಟಿದ ಸಮಯವನ್ನು ನಿಮ್ಮ ಚೀಟಿಯಲ್ಲಿ ಬರೆಯುತ್ತಾನೆ. ನಿಮಗೆ ಕೊಟ್ಟ ನಿಮಿಷಕ್ಕೇ ಅಲ್ಲಿ ಮುಟ್ಟಬೇಕು. ತಡವಾದರೆ ನಿಮಿಷಕ್ಕೊಂದು ಅಂಕ ಹೋಗುತ್ತದೆ. ಬೇಗ ಬಂದರೂ ಹೋಗುತ್ತದೆ. ನಮ್ಮ ಕಡೆಯ ಗಾಡಿಗಳೂ ಈ ಸುತ್ತಿನಲ್ಲಿ ಸೇರಬಹುದು ಎಂದು ಬಸ್ ಸ್ಟ್ಯಾಂಡಿನ ಗೋಡೆಗೆ ಕಾಗದ ಅಂಟಿಸಿದ್ದರು.

ಆ ರಸ್ತೆಗಳ ಒಂದೊಂದು ಗುಂಡಿಯೂ ಅಪ್ಪನಿಗೆ ಗೊತ್ತು. ಆದರೆ ಓದು ಬರಹ ಗೊತ್ತಿಲ್ಲ. ದಾರಿಯ ಪುಸ್ತಕವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದರು. ಅದನ್ನು ಓದಿ, ಎಷ್ಟು ಮೈಲಿಗೆ ಎಷ್ಟು ನಿಮಿಷ ಎಂದು ಲೆಕ್ಕ ಹಾಕಿ ಹೇಳಲು ಪಕ್ಕದಲ್ಲಿ ಒಬ್ಬರು ಬೇಕಿತ್ತು. ಅಕ್ಕ ಆಗಷ್ಟೇ ಪಿಯುಸಿ ಪಾಸಾಗಿದ್ದಳು. "ನಾನು ಕುಂದರ್ತೀನಿ" ಅಂದಳು.

ಮನೆಯಲ್ಲಿ ಗದ್ದಲವಾಯಿತು. ಸೋದರಮಾವ ಓಡಿ ಬಂದ. "ಊರೂರು ತಿರುಗಿ ಗಂಡಸ್ರ ನಡುವಿ ರೇಸ್ ಆಡಿದ್ಲು ಅಂದ್ರ ನಾಳಿ ಇಕೀನ್ನ ಯಾರ್ ಮಾಡ್ಕೊಂತಾರ?" ಎಂದು ಅವ್ವನನ್ನು ಕೇಳಿದ. ಉತ್ತರ ಕೊಟ್ಟಿದ್ದು ಅಕ್ಕ. "ಮಾಡ್ಕೊಳ್ಳಾನು ಜೀಪಿನ ಹಿಂದ ಓಡಿ ಬರ್ಲಿ ಮಾವ. ಎಷ್ಟು ದಮ್ಮೈತಿ ನೋಡೂಣು." ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ನಗು ತಡೆಯಲೆಂದೇ ಹಾಗೆ ಹೋದಳು ಎಂದು ನನಗೆ ಗೊತ್ತಿತ್ತು.

ರೇಸಿನ ದಿನ ಬೆಳಿಗ್ಗೆ ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಅಪ್ಪನ ಕೈಗಡಿಯಾರವನ್ನು ನನ್ನ ಕೈಗೆ ಕಟ್ಟಿದಳು. ಪಟ್ಟಿ ಸಡಿಲವಾಗಿದ್ದರಿಂದ ಅದನ್ನು ಮೊಣಕೈವರೆಗೆ ಏರಿಸಿದಳು. ಅಕ್ಕ ಪುಸ್ತಕ ನೋಡುವಾಗ ನಿಮಿಷ ಕೂಗುವುದು ನನ್ನ ಕೆಲಸ. ನನಗಾಗ ಹತ್ತು ವರ್ಷ.

ಹರಪನಹಳ್ಳಿ ಮೈದಾನದಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಅವಕ್ಕೆ ತೊಳೆದ ಗಾಜು, ಬಾನೆಟ್ಟಿನ ಮೇಲೆ ದಪ್ಪ ಅಂಕಿ, ಮುಂದೆ ನಾಲ್ಕು ನಾಲ್ಕು ದೀಪ. ನಮ್ಮ ಅಂಕಿಯನ್ನು ಅಕ್ಕ ಸುಣ್ಣದಲ್ಲಿ ಬರೆದಿದ್ದಳು. ಬಿಳಿ ಟೊಪ್ಪಿಗೆಯ ಅಧಿಕಾರಿ ನಮ್ಮನ್ನು ನೋಡಿ ನಕ್ಕ. "ಇದು ರೇಸಪ್ಪಾ, ಸಂತೆಯಲ್ಲ. ಹುಡುಗಿಯರನ್ನು ಇಳಿಸಿ ಯಾರಾದರೂ ಗಂಡಸರನ್ನು ಕರಕೊಂಡು ಬನ್ನಿ" ಅಂದ.

ಅಕ್ಕ ಅವನ ಮೇಜಿನ ಮೇಲಿದ್ದ ನಿಯಮಗಳ ಹಾಳೆ ಎತ್ತಿಕೊಂಡು ಇಂಗ್ಲಿಷಿನಲ್ಲೇ ಓದಿದಳು. ಆಮೇಲೆ ಅಪ್ಪನಿಗೆ ತಿಳಿಯಲೆಂದು ಕನ್ನಡದಲ್ಲಿ ಹೇಳಿದಳು. "ಗಾಡ್ಯಾಗ ಇಬ್ಬರಿಗಿಂತ ಕಮ್ಮಿ ಇರಬಾರ್ದು ಅಂತ ಬರ್ದೈತಿ. ಗಂಡಸ್ರ ಇರಬೇಕು ಅಂತ ಎಲ್ಲೂ ಬರ್ದಿಲ್ಲ. ಮೂರು ಮಂದಿ ಬ್ಯಾಡ ಅಂತೂ ಬರ್ದಿಲ್ಲ. ಬರ್ದಿದ್ರ ಎಲ್ಲೈತಿ ತೋರಸ್ರಿ." ಅವನು ಕೈಬೀಸಿ, ಹೋಗಿ ಅಂದ.

ನಿಮಿಷಕ್ಕೊಂದರಂತೆ ಗಾಡಿಗಳನ್ನು ಬಿಟ್ಟರು. ನಮ್ಮ ಹಿಂದೆಯೇ ಒಂದು ಬಿಳಿ ಕಾರು. ಆ ವರ್ಷದ ಸುತ್ತುಗಳಲ್ಲೆಲ್ಲ ಮುಂದಿದ್ದ ಕಾರು ಅದು. ಓಡಿಸುತ್ತಿದ್ದವರು ಕನ್ನಡಕದ, ನರೆಗೂದಲಿನ ಒಬ್ಬ ಯಜಮಾನರು.

ಕೊಟ್ಟೂರಿನಲ್ಲಿ ಸರಿಯಾದ ನಿಮಿಷಕ್ಕೇ ಮುಟ್ಟಿದೆವು. ಕೂಡ್ಲಿಗಿಗೆ ಇನ್ನೇನು ಬಂದೆವು ಎನ್ನುವಾಗ ಕುರಿ ಹಿಂಡು ಅಡ್ಡ ಬಂದು ಒಂದು ನಿಮಿಷ ಹೋಯಿತು. ಅಪ್ಪ ಹಾರ್ನ್ ಒತ್ತಲಿಲ್ಲ. ಒತ್ತಿದರೆ ಕುರಿಗಳು ಚದುರಿ ಇನ್ನೂ ಹೊತ್ತಾಗುತ್ತದೆ ಎಂದು ಅವನಿಗೆ ಗೊತ್ತು. ನಮ್ಮ ಹಿಂದಿನ ಬಿಳಿ ಕಾರಿನವರು ಒತ್ತಿದರು, ಮೂರು ನಿಮಿಷ ಕಳೆದುಕೊಂಡರು. ಹಗರಿಬೊಮ್ಮನಹಳ್ಳಿ ದಾಟುವಾಗ ನನ್ನ ಬಾಯಿ ಧೂಳಿನಿಂದ ಒಣಗಿತ್ತು. ಆದರೂ ಕೂಗುತ್ತಿದ್ದೆ, "ಹನ್ನೊಂದು ನಲವತ್ತು! ಹನ್ನೊಂದು ನಲವತ್ತೊಂದು!" ಅಕ್ಕ ಮೈಲಿಗಲ್ಲು ನೋಡಿ "ಸ್ವಲ್ಪ ತುಳಿಯಪ್ಪ" ಅನ್ನುತ್ತಿದ್ದಳು, ಇಲ್ಲವೆ "ಸಾಕು, ಬಿಡು" ಅನ್ನುತ್ತಿದ್ದಳು. ಅವಳು ಹೇಳಿದ ಹಾಗೆ ಅಪ್ಪ ಕೇಳುತ್ತಿದ್ದ. ಮಗಳ ಮಾತನ್ನು ಅಷ್ಟು ಗೌರವದಿಂದ ಕೇಳಿದ ಇನ್ನೊಬ್ಬ ಅಪ್ಪನನ್ನು ಆ ಕಾಲದಲ್ಲಿ ನಾನು ಕಾಣಲಿಲ್ಲ.

ಹಡಗಲಿ ಹತ್ತಿರವಾದಂತೆ ಗಾಳಿಯಲ್ಲಿ ಮಲ್ಲಿಗೆ ವಾಸನೆ ಬಂತು. ಗಡಿಯಾರ ಸರಿಯಾಗಿ ಹನ್ನೆರಡು ನಲವತ್ತು ತೋರಿಸಿದಾಗ ಠಾಣ್ಯದ ಮುಂದೆ ಜೀಪು ನಿಂತಿತು. ನಮಗೆ ಕೊಟ್ಟ ನಿಮಿಷ ಅದೇ. ನಾನು ಚಪ್ಪಾಳೆ ತಟ್ಟಿದೆ.

ಅಕ್ಕ ಇಳಿದು ಚೀಟಿ ಚಾಚಿದಳು. ಅಲ್ಲಿ ಕೂತಿದ್ದವನು ಚೀಟಿ ನೋಡಲಿಲ್ಲ, ಅವಳನ್ನು ನೋಡಿದ. "ಡ್ರೈವರ್ ಬರಲಿ" ಅಂದ. ಚೀಟಿ ಕೊಡಬೇಕಾದ್ದು ಪಕ್ಕದಲ್ಲಿ ಕೂತವರು ಎಂದಳು ಅಕ್ಕ. ಅವನು ಕೇಳಿಸದವನಂತೆ ಪೆನ್ನು ಮುಚ್ಚಿ ನೀರು ಕುಡಿದ. ಅಷ್ಟರಲ್ಲಿ ಬಿಳಿ ಕಾರು ಬಂತು. ಅಕ್ಕನ ಹೆಗಲ ಮೇಲಿಂದ ಕೈ ಚಾಚಿ ಅವರ ಚೀಟಿ ಇಸಿದುಕೊಂಡು ಸಮಯ ಬರೆದ. ನರೆಗೂದಲಿನವರು, "ಇವರು ನಮಗಿಂತ ಮುಂಚೆ ಬಂದಿದ್ದಾರೆ ಸಾರ್" ಅಂದರು. ಅವನು ತಲೆಯಾಡಿಸಿದ, ಬರೆಯಲಿಲ್ಲ. ಬಿಳಿ ಕಾರು ಹೊರಟುಹೋಯಿತು.

ನಮ್ಮ ಅಪ್ಪ ಮೆತ್ತಗಿನ ಮನುಷ್ಯ. ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವತ್ತೂ ಎತ್ತಲಿಲ್ಲ. ಜೀಪನ್ನು ನಿಧಾನವಾಗಿ ತಿರುಗಿಸಿ ರಸ್ತೆಗೆ ಅಡ್ಡ ನಿಲ್ಲಿಸಿದ. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. "ನನ್ನ ಮಗಳ ಕೈಯಾಗಿನ ಚೀಟಿ ಬರೀರಿ, ದಾರಿ ಬಿಡ್ತೀನಿ" ಅಂದ. ಹಿಂದೆ ಬಂದ ಕಾರುಗಳು ಹಾರ್ನ್ ಹೊಡೆಯತೊಡಗಿದವು. ಪಕ್ಕದ ಕಟ್ಟೆಯ ಮೇಲೆ ಹೂ ಕಟ್ಟುತ್ತಿದ್ದ ಹೆಂಗಸರು ಎದ್ದು ಬಂದು ಮೇಜಿನ ಸುತ್ತ ನಿಂತರು. ಅವರಲ್ಲಿ ಹಿರಿಯಳೊಬ್ಬಳು ಕೇಳಿದಳು, "ಯಾಕ್ರೀ ಸಾಹೇಬ್ರ, ಆಕಿ ಮುಟ್ಟಿದ್ರ ಕಾಗದ ಹರೀತದೇನು?"

ಅವನು ಬರೆದ. ಹನ್ನೆರಡು ನಲವತ್ತಲ್ಲ, ಹನ್ನೆರಡು ನಲವತ್ತನಾಲ್ಕು ಎಂದು ಬರೆದ. ಅಕ್ಕ ಎಷ್ಟು ಹೇಳಿದರೂ ತಿದ್ದಲಿಲ್ಲ. ಇನ್ನು ನಿಂತರೆ ಮುಂದಿನ ಊರಿನ ನಿಮಿಷಗಳೂ ಹೋಗುತ್ತವೆ. ಅಕ್ಕ ಜೀಪು ಹತ್ತಿ, "ನಡಿಯಪ್ಪ, ಒಂದು ನಿಮಿಷಾನೂ ಇನ್ನ ಕೊಡೂದು ಬ್ಯಾಡ ಇವರಿಗೆ" ಅಂದಳು. ಹಿರೇಹಡಗಲಿಯಲ್ಲೂ ಹರಪನಹಳ್ಳಿಯಲ್ಲೂ ನಾವು ಒಂದು ನಿಮಿಷವನ್ನೂ ಕೊಡಲಿಲ್ಲ.

ಸಂಜೆ ಮೈದಾನದಲ್ಲಿ ಜನವೋ ಜನ. ಬಿಳಿ ಕಾರು ಮೂರು ಅಂಕ ಕಳೆದುಕೊಂಡು ಮೊದಲನೆಯದಾಯಿತು. ನರೆಗೂದಲಿನವರು ಆ ವರ್ಷದ ಚಾಂಪಿಯನ್ ಆದರು. ನಾವು ಕಳೆದುಕೊಂಡಿದ್ದು ಐದು. ಎರಡನೆಯ ಕಪ್ಪಿಗೆ ನಮ್ಮನ್ನು ಕರೆಯುತ್ತಾರೆಂದು ನಾನು ಜಡೆ ಸರಿಮಾಡಿಕೊಂಡು ನಿಂತೆ. ಕರೆದದ್ದು ಆರು ಅಂಕ ಕಳೆದುಕೊಂಡಿದ್ದ ಇನ್ನೊಂದು ಕಾರಿನವರನ್ನು. ಆಮೇಲೆ ಬಿಳಿ ಟೊಪ್ಪಿಗೆಯವನು ಮೈಕಿನಲ್ಲಿ, "ಮಹಿಳೆಯರಿಗೊಂದು ವಿಶೇಷ ಬಹುಮಾನ" ಎಂದು ಸ್ಟೀಲಿನ ಊಟದ ಡಬ್ಬಿ ಎತ್ತಿ ಹಿಡಿದ. ಎಲ್ಲರೂ ನಕ್ಕು ಚಪ್ಪಾಳೆ ಹೊಡೆದರು.

ಅಕ್ಕ ವೇದಿಕೆ ಹತ್ತಿದಳು. ಅವಳ ಮುಖ, ಜಡೆ ಎಲ್ಲ ಕೆಂಪು ಧೂಳು. ಡಬ್ಬಿ ಮುಟ್ಟಲಿಲ್ಲ, ಮೈಕು ಹಿಡಿದಳು. ಜೇಬಿಲ್ಲದ ಲಂಗದ ಸೊಂಟದಿಂದ ಚೀಟಿ ತೆಗೆದು ಒಂದೊಂದು ಊರಿನ ಹೆಸರು, ಕೊಟ್ಟ ಸಮಯ, ಮುಟ್ಟಿದ ಸಮಯ ಓದಿದಳು. ಹಡಗಲಿಗೆ ಬಂದಾಗ ನಿಂತಳು. "ಇಲ್ಲಿ ನಾವು ತಡಾ ಮಾಡಿಲ್ಲ, ನಮ್ಮನ್ನ ನಿಲ್ಲಿಸ್ಯಾರ. ಆ ನಾಕು ನಿಮಿಷ ನಂದು. ಅದನ್ನ ಕೊಡೋ ಹಂಗಿದ್ರ ಕೊಡ್ರಿ. ಡಬ್ಬಿ ನಮ್ಮನಿಯಾಗ ಬೇಕಾದಷ್ಟು ಅದಾವ" ಅಂದಳು.

ಬಿಳಿ ಟೊಪ್ಪಿಗೆಯವನು ಅದನ್ನು ಕೊಡಲಿಲ್ಲ. ನಾನು ನರೆಗೂದಲಿನವರನ್ನೇ ನೋಡುತ್ತಿದ್ದೆ. ಹಡಗಲಿಯಲ್ಲಿ ರೇಸಿನವರ ಪೈಕಿ ನಮ್ಮ ಪರ ಮಾತಾಡಿದ್ದವರು ಅವರೊಬ್ಬರೇ. ಈಗ ಕಪ್ಪು ಎದೆಗವಚಿಕೊಂಡು ಬೂಟು ನೋಡುತ್ತ ನಿಂತಿದ್ದರು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಚೀಟಿ ಬರೆದವನ ಮೇಲಿನ ಸಿಟ್ಟು ನನಗೆ ಯಾವಾಗಲೋ ಇಳಿದಿದೆ. ಅವರ ಮೇಲಿನದು ಇವತ್ತಿಗೂ ಇಳಿದಿಲ್ಲ.

ಜೀಪಿನ ಹತ್ತಿರ ಬಂದಾಗ ಅಪ್ಪ ಸ್ಟೇರಿಂಗಿನ ಕಡೆ ಹೋಗಲಿಲ್ಲ. ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತ. "ಊರಿನ ತನಕ ನೀ ಓಡಸು" ಅಂದ. ಖಾಲಿ ಹೊಲದಲ್ಲಿ ಅವಳಿಗೆ ಮೊದಲೇ ಕಲಿಸಿದ್ದ, ರಸ್ತೆಗೆ ಬಿಟ್ಟಿರಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಅಕ್ಕ ಕ್ಲಚ್ ಒತ್ತಿದಳು. ಜೀಪು ಒಮ್ಮೆ ಜಿಗಿದು, ಕೆಮ್ಮಿ, ಮುಂದೆ ನಡೆಯಿತು.

ಆರು ತಿಂಗಳಿಗೆ ಅಕ್ಕ ಲೈಸೆನ್ಸ್ ತೆಗೆದುಕೊಂಡಳು. ಕೊಟ್ಟೂರು ಕೂಡ್ಲಿಗಿ ದಾರಿಯಲ್ಲಿ ಮೊದಲ ದಿನ ಅವಳನ್ನು ಕಂಡು ಮೂವರು ಗಂಡಸರು ಇಳಿದು ಹೋದರು. ಆ ಜಾಗದಲ್ಲಿ ಬುಟ್ಟಿ ಹೊತ್ತ ಐದು ಹೆಂಗಸರು ಹತ್ತಿದರು. ಅಕ್ಕ ಮದುವೆಯಾದಳು, ಮಕ್ಕಳು ಹೆತ್ತಳು, ಜೀಪು ಮಾತ್ರ ಬಿಡಲಿಲ್ಲ.

ಮಕ್ಕಳೇ, ಈಗ ನಿಮಗೆ ದಾರಿ ಹೇಳಲು ಫೋನಿನೊಳಗೊಂದು ದನಿಯಿದೆ. ರಸ್ತೆಗಳಲ್ಲಿ ಡಾಂಬರು ಮಿಂಚುತ್ತದೆ. ಹೋದ ತಿಂಗಳು ನಿಮ್ಮನ್ನು ಕರೆದುಕೊಂಡು ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆನಲ್ಲ, ಅವತ್ತು ಬಂದ ಬಸ್ಸಿನ ಡ್ರೈವರ್ ಸೀಟಿನಲ್ಲಿ ಖಾಕಿ ಅಂಗಿಯ ಹುಡುಗಿಯೊಬ್ಬಳಿದ್ದಳು. ಜನ ಫೋನು ನೋಡುತ್ತಲೇ ಹತ್ತಿದರು. ಯಾರೂ ಅವಳತ್ತ ತಲೆ ಎತ್ತಲಿಲ್ಲ, ಯಾರೂ ಇಳಿಯಲಿಲ್ಲ. ನಾನೊಬ್ಬಳೇ ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ನೀವು ನನ್ನ ಸೆರಗು ಜಗ್ಗಿದಿರಿ.

"ಹತ್ತಜ್ಜಿ, ಸೀಟು ಹೋಗ್ತಾವ. ಅಲ್ಲೇನೈತಿ ನೋಡಾಕ?"