ಚೀಲ ಮುಟ್ಟದ ಸಾಹೇಬರು

ನಮ್ಮ ಅತ್ತೆಗೆ ಲಂಚ ಕೊಡುವುದರಲ್ಲಿ ಒಳ್ಳೆಯ ಕೈಗುಣ. ಯಾವ ಕಚೇರಿಯ ಯಾವ ಮೇಜಿಗೆ ಏನು ಒಗ್ಗುತ್ತದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಊರ ಜಮೀನಿನ ಲೆಕ್ಕ ಬರೆಯುವ ತಲಾಠಿಗೆ ಶೇಂಗಾ, ಗುಮಾಸ್ತನಿಗೆ ಬೆಣ್ಣೆ, ಕರೆಂಟ್ ಆಫೀಸಿನ ಸಾಹೇಬರಿಗೆ ಬ್ಯಾಡಗಿಯ ಕಡ್ಡಿ ಮೆಣಸಿನಕಾಯಿ. “ತಿಂದಾವಗ ನಮ್ಮ ಹಂಗು ಇರತೈತಿ. ತಿನ್ನಲಾರದಾವನ್ನ ಏನಂತ ಹಿಡಿಯೂದವಾ?” ಎಂಬುದು ಅವರ ಸಿದ್ಧಾಂತ. ನಾನು ರಾಣೇಬೆನ್ನೂರಿನಲ್ಲಿ ಹತ್ತನೆಯ ಇಯತ್ತೆ ಪಾಸಾಗಿ ಬ್ಯಾಡಗಿಗೆ ಸೊಸೆಯಾಗಿ ಬಂದವಳು. ಅರ್ಜಿ ಬರೆಯುವುದು ನನ್ನ ಪಾಲು, ಚೀಲ ಕಟ್ಟುವುದು ಅವರ ಪಾಲು. ಗಂಡ ಲಾರಿ ಓಡಿಸುತ್ತಿದ್ದ. ಮನೆ ಕಾಣುತ್ತಿದ್ದುದು ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ.

ಇದು ಎಂಬತ್ತರ ದಶಕದ ನಡುವಿನ ಮಾತು. ಅತ್ತೆ ತಮ್ಮ ಕೈಯ ಚಿನ್ನದ ಪಾಟ್ಲಿ ಮಾರಿ ಖಾರ ಕುಟ್ಟುವ ಯಂತ್ರ ತಂದಿದ್ದರು. ಬೇಸಿಗೆಯಲ್ಲಿ ಊರಿಗೆ ಊರೇ ವರ್ಷದ ಖಾರ ಕುಟ್ಟಿಸುತ್ತದೆ. ಆ ಎರಡು ತಿಂಗಳು ತಪ್ಪಿದರೆ ಮತ್ತೆ ವರ್ಷವಿಡೀ ಕೈ ಕಟ್ಟಿ ಕೂರಬೇಕು. ನಾವು ಆಗಲೇ ಒಂದು ಬೇಸಿಗೆ ಕಳೆದುಕೊಂಡಿದ್ದೆವು, ಏಕೆಂದರೆ ಯಂತ್ರಕ್ಕೆ ಕರೆಂಟೇ ಸಿಕ್ಕಿರಲಿಲ್ಲ. ಪಡಸಾಲೆಯಲ್ಲಿ ಕೂತಿದ್ದ ಅದರ ಮೇಲೆ ಹಾಸಿಗೆ ಮಡಚಿ ಇಡುತ್ತಿದ್ದೆವು. ಹಿಂದಿನ ಸಾಹೇಬರು ನಾಲ್ಕು ಚೀಲ ಮೆಣಸಿನಕಾಯಿ ಅರಗಿಸಿಕೊಂಡು, “ನಾಳೆ ಬರ್ರಿ” ಎನ್ನುತ್ತಲೇ ವರ್ಗವಾಗಿ ಹೋದರು. ನನಗೆ ಮೈಯೆಲ್ಲ ಉರಿದಿತ್ತು. ಅತ್ತೆ ಮಾತ್ರ, “ಪಾಪ, ಮಾಡಾಂವನ ಇದ್ದ. ಅಷ್ಟರಾಗ ವರ್ಗಾ ಆತು” ಎಂದು ಮರುಗಿದರು.

ಹೊಸ ಸಾಹೇಬರು ಬಂದ ಸುದ್ದಿ ಕೇಳಿ ಐದನೆಯ ಚೀಲ ಹೊತ್ತು ಕರೆಂಟ್ ಆಫೀಸಿಗೆ ಹೋದೆವು. ತೆಳ್ಳಗಿನ ಮನುಷ್ಯ, ಮೂಗಿನ ಮೇಲೆ ದಪ್ಪ ಕನ್ನಡಕ. ಚೀಲ ನೋಡುತ್ತಲೇ, “ಅದನ್ನ ಹೊರಗ ಇಡ್ರಿ ಅಮ್ಮಾರ, ನನಗ ಸೀನು ಬರ್ತಾವು” ಎಂದರು. ಫೈಲು ತರಿಸಿ ಓದಿದರು, ಸರ್ಕಾರಿ ಶುಲ್ಕ ಕಟ್ಟಿಸಿಕೊಂಡು ರಸೀತಿ ಕೊಟ್ಟರು. “ಹದಿನೈದು ದಿನದಾಗ ಕಂಬ ಬರ್ತಾವು. ಇನ್ನ ಓಡ್ಯಾಡಬ್ಯಾಡ್ರಿ.”

ಹೊರಗೆ ಬಂದ ಅತ್ತೆಯ ಮುಖದಲ್ಲಿ ರಕ್ತವೇ ಇರಲಿಲ್ಲ. “ಮುಗೀತು ಬಿಡವಾ. ಚೀಲಾನೂ ಮುಟ್ಟಲಿಲ್ಲ. ಈ ಬ್ಯಾಸಗೀನೂ ಹೋತು.”

“ರಸೀತಿ ಕೊಟ್ಟಾರಲ್ರಿ ಅತ್ತಿ.”

“ರಸೀತಿಲೆ ಗಿರಣಿ ತಿರಗತೈತೇನ?”

ಇದನ್ನೆಲ್ಲ ಎದುರಿನ ಚಹಾದ ಅಂಗಡಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದವನು ಒಬ್ಬ ಏಜೆಂಟ. ಕಚೇರಿಯ ಕೆಲಸ ಮಾಡಿಸಿಕೊಡುತ್ತೇನೆಂದು ಹೇಳಿಯೇ ಹೊಟ್ಟೆ ಹೊರೆಯುವವನು. ಬೀಡಿ ಆರಿಸಿ ಹತ್ತಿರ ಬಂದು, “ದೊಡ್ಡವ್ವಾ, ಈ ಸಾಹೇಬ್ರು ಕೈಲೆ ತಗೊಳ್ಳಂಗಿಲ್ಲ. ನನ್ನ ಕಡಿಂದ ತಗೋತಾರ” ಎಂದ. ಅತ್ತೆಯ ಮುಖ ಅರಳಿದ್ದನ್ನು ನೋಡಬೇಕಿತ್ತು! ಕಳೆದುಹೋದ ಎಮ್ಮೆ ಸಿಕ್ಕ ಹಾಗೆ. ನಾನು ಸೆರಗು ಹಿಡಿದು ಜಗ್ಗಿದೆ, “ಬ್ಯಾಡ್ರಿ” ಎಂದೆ. ಅವರು ಅಲ್ಲೇ ನಿಂತು ಕಿವಿಯ ಬುಗುಡಿ ಬಿಚ್ಚಿ ಅವನ ಅಂಗೈಯಲ್ಲಿ ಇಟ್ಟರು. ಮನೆ ಮುಟ್ಟುವವರೆಗೂ ನಾನು ಸಿಟ್ಟಿನಿಂದ ನಾಲ್ಕು ಹೆಜ್ಜೆ ಮುಂದೆಯೇ ನಡೆದೆ.

ಹನ್ನೆರಡನೆಯ ದಿನಕ್ಕೆ ಕಂಬ ಬಂದವು. ಗಿರಣಿ ತಿರುಗಿತು. ಓಣಿಯವರೆಲ್ಲ ಸೀನುತ್ತ, ಕಣ್ಣು ಒರೆಸಿಕೊಳ್ಳುತ್ತ, ನಗುತ್ತ ಬಂದು ಸರದಿ ನಿಂತರು. ಖರೇ ಹೇಳಬೇಕೆಂದರೆ, ರಸೀತಿಯನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದ ನಾನೂ ಆ ದಿನ ಗಿರಣಿ ನೋಡಲು ಬಂದ ಏಜೆಂಟನಿಗೆ ಸಕ್ಕರೆ ಹೆಚ್ಚು ಹಾಕಿ ಚಹಾ ಕೊಟ್ಟೆ.

ಅಲ್ಲಿಂದ ಅವನ ಹೆಸರಿಗೆ ರೆಕ್ಕೆ ಬಂತು. ಹಾವೇರಿಯಿಂದಲೂ ರಾಣೇಬೆನ್ನೂರಿನಿಂದಲೂ ಜನ ಅವನನ್ನು ಹುಡುಕಿಕೊಂಡು ಬರತೊಡಗಿದರು. ಎಲ್ಲರಿಗೂ ನಮ್ಮ ಗಿರಣಿಯೇ ಸಾಕ್ಷಿ. ನಮ್ಮ ಓಣಿಯಲ್ಲೇ ಗಂಡ ಸತ್ತ ಹೆಂಗಸೊಬ್ಬಳು ಶಾವಿಗೆ ಯಂತ್ರ ಹಾಕಬೇಕೆಂದಿದ್ದಳು. ಅತ್ತೆಯೇ ಅಕ್ಕರೆಯಿಂದ ಅವಳನ್ನು ಏಜೆಂಟನ ಬಳಿ ಕಳಿಸಿದರು. ಅವನ ರೇಟು ಕೇಳಿ ಅವಳು ಹಾಗೆಯೇ ಮರಳಿ ಬಂದಳು. ಆಫೀಸಿನ ಮೆಟ್ಟಿಲು ಹತ್ತಲೇ ಇಲ್ಲ. ಮತ್ತೆ ಮೊದಲಿನಂತೆ ಮಂದಿಯ ಮನೆಯಲ್ಲಿ ರೊಟ್ಟಿ ಬಡಿಯಲು ಹೋದಳು.

ಆ ಬೇಸಿಗೆಯ ಕೊನೆಗೆ ಸಾಹೇಬರೇ ಒಂದು ಡಬ್ಬಿ ಹಿಡಿದು ನಮ್ಮ ಗಿರಣಿಗೆ ಬಂದರು, ಎರಡು ಕಿಲೋ ಖಾರ ಕುಟ್ಟಿಸಲು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಎಲ್ಲರಂತೆ ಸರದಿಯಲ್ಲಿ ನಿಂತರು. ಅತ್ತೆ ಕೂಲಿ ಬೇಡವೆಂದರೂ ಕೇಳದೆ ಕೊಟ್ಟರು. “ಗಿರಣಿ ಚಲೋ ನಡದೈತಿ. ನೋಡಿ ಖುಷಿ ಆತ್ರಿ ಅಮ್ಮಾರ” ಎಂದರು. ಮನಸಾರೆ ಆಡಿದ ಮಾತು ಅದು.

ಅತ್ತೆ ಬಗ್ಗಿ, ದನಿ ತಗ್ಗಿಸಿ, “ಎಲ್ಲಾ ನಿಮ್ಮ ದಯಾರಿ. ಬುಗುಡಿ ಮುಟ್ಟಿದುವಲ್ರಿ?” ಎಂದು ಕೇಳಿದರು.

“ಯಾವ ಬುಗುಡಿ?”

“ಅದರೀ, ನಿಮ್ಮ ಏಜೆಂಟನ ಕೈಲೆ ಕಳಿಸಿದ್ವಲ್ಲ.”

ಸಾಹೇಬರು ಕರವಸ್ತ್ರ ಬಿಚ್ಚಿದರು. ಅತ್ತೆಯನ್ನು ನೋಡಿದರು, ಸರದಿಯಲ್ಲಿದ್ದವರನ್ನು ನೋಡಿದರು. ಅಲ್ಲಿ ಒಬ್ಬರಿಗೂ ಅದು ಹೊಸ ಸುದ್ದಿಯಾಗಿರಲಿಲ್ಲ. ಕಡೆಗೆ ನನ್ನ ಕಡೆ ತಿರುಗಿದರು. ಅರ್ಜಿ ಬರೆದವಳು ನಾನೇ ಎಂಬುದು ಅವರಿಗೆ ನೆನಪಿತ್ತು. ನಾನು ಜರಡಿ ಹಿಡಿಯುವ ನೆಪದಲ್ಲಿ ತಲೆ ತಗ್ಗಿಸಿದೆ. ಅವರು ಡಬ್ಬಿ ಎತ್ತಿಕೊಂಡು ನಡೆದರು. ನನಗೆ ನಾಚಿಕೆಯಾಯಿತು, ಸಂಕಟವೂ ಆಯಿತು.

“ನೋಡಿದೇನ, ಎಷ್ಟ ಮರ್ಯಾದಸ್ತ ಮನಷ್ಯಾ” ಎಂದರು ಅತ್ತೆ. “ಮಂದ್ಯಾಗ ಒಪ್ಪಾಕ ನಾಚಿದ.”

ನನಗೆ ತಡೆಯಲಾಗಲಿಲ್ಲ. “ಅತ್ತಿ, ಅವರಿಗೆ ಏನೂ ಮುಟ್ಟಿಲ್ರಿ.”

ಅತ್ತೆ ನನ್ನನ್ನು ಕರುಣೆಯಿಂದ ನೋಡಿ ನಕ್ಕರು. “ಹುಚ್ಚಿ. ಏನೂ ಮುಟ್ಟಲಿಲ್ಲಂದ್ರ ಕಂಬ ಹೆಂಗ ಬಂದುವು?”