ಮಾಳಮ್ಮ ತೋರಿಸಿದ ಜಾಗ

ಕಾಲೇಜಿನ ಸ್ಟೋರ್ ರೂಮಿನಲ್ಲಿ ಹಳೆಯ ಡೇರೆಗಳ ಗಂಟು ಬಿಚ್ಚಿದಾಗ ಮೊದಲು ಹೊರಗೆ ಬಂದದ್ದು ಒಂದು ಜಿರಲೆ, ಅದರ ಹಿಂದೆಯೇ ಕುರಿಯ ವಾಸನೆ. ಜಿರಲೆಗೆ ಹೆದರಿ ಹಿಂದೆ ಸರಿದ ಶಾಹೀನಾ, ವಾಸನೆಗೆ ಮೂಗು ಮುಚ್ಚಿಕೊಂಡಳು. ಈ ವರ್ಷವೇ ನಮ್ಮ ಸಸ್ಯಶಾಸ್ತ್ರ ವಿಭಾಗಕ್ಕೆ ಪಾಠ ಹೇಳಲು ಸೇರಿದ, ಲಿಂಗಸುಗೂರಿನ ಹುಡುಗಿ. ಹುಡುಗಿಯರನ್ನು ಮೂರು ದಿನ ಗುಡ್ಡದ ಹುಲ್ಲುಗಾವಲಿಗೆ ಕರೆದುಕೊಂಡು ಹೋಗಬೇಕು, ಡೇರೆ ಎಲ್ಲಿ ಹಾಕೋಣ ಎಂದು ಕೇಳಲು ಬಂದಿದ್ದಳು. ಡೇರೆಯೊಳಗೆ ಕುರಿ ಕಟ್ಟಿದ್ದಿರಾ ಮೇಡಂ ಎಂದು ಅವಳು ನಕ್ಕಾಗ, ಹೌದು ಎಂದೆ. ತಮಾಷೆ ಎಂದುಕೊಂಡಳು. ನಾನೂ ಆಗ ಬಿಡಿಸಿ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಅದಕ್ಕೆ ಮೊದಲು ನಾನು ಎಂಥ ನೀರಿನಲ್ಲಿ ಬೆಳೆದವಳು ಎಂಬುದು ನಿಮಗೆ ಗೊತ್ತಿರಬೇಕು. ನಮ್ಮೂರು ಸಾಲಗುಂದ. ಅಲ್ಲಿ ನೀರೆಂದರೆ ಕಾಲುವೆಯ ನೀರು. ಗೇಟು ಎತ್ತಿದರೆ ಬರುತ್ತದೆ, ಇಳಿಸಿದರೆ ನಿಲ್ಲುತ್ತದೆ. ಬಾರದಿದ್ದರೆ ನಮ್ಮಪ್ಪ ಸೈಕಲ್ ಏರಿ ಗೇಟಿನವನ ಮನೆಗೆ ಹೋಗಿ ಜಗಳವಾಡಿ ಬರುತ್ತಿದ್ದರು. ಅಷ್ಟಾದ ಮೇಲೆ ನೀರು ಬಂದೇ ಬರುತ್ತಿತ್ತು. ಹೇಳದೆ ಕೇಳದೆ ಬರುವ ನೀರನ್ನು ನಾನು ಕಂಡವಳೇ ಅಲ್ಲ. ನೆಲವೂ ಹಾಗೆಯೇ, ಅಂಗೈಯಷ್ಟು ಸಮ; ಭತ್ತದ ಗದ್ದೆಯ ಆಚೆ ಭತ್ತದ ಗದ್ದೆ. ಮೊದಲ ಸಲ ಮಸ್ಕಿ ದಾಟಿ ಗುಡ್ಡಗಳನ್ನು ಕಂಡಾಗ ನನಗೆ ಹದಿನಾರು ವರ್ಷ. ಬಸ್ಸಿನ ಕಿಟಕಿಯಿಂದ ನೋಡುತ್ತ, ಇಷ್ಟು ದೊಡ್ಡ ಬಂಡೆಗಳನ್ನು ಒಂದರ ಮೇಲೊಂದು ಇಟ್ಟು ಮರೆತುಹೋದವರು ಯಾರಿರಬಹುದು ಎಂದು ಯೋಚಿಸುತ್ತ, ಇಳಿಯುವ ಊರನ್ನೇ ದಾಟಿ ಹೋಗಿದ್ದೆ.

ಹನ್ನೆರಡು ವರ್ಷಗಳ ಹಿಂದೆ, ಈಗ ಶಾಹೀನಾಳ ಮೇಲೆ ಬಿದ್ದಿರುವ ಕೆಲಸ ನನ್ನ ಮೇಲೆ ಬಿದ್ದಿತ್ತು. ಡೇರೆ ಹಾಕುವ ಜಾಗ ಹೇಗಿರಬೇಕೆಂದು ನಾನು ಎಲ್ಲೆಲ್ಲೋ ಓದಿ ಪಟ್ಟಿ ಮಾಡಿಕೊಂಡಿದ್ದೆ. ನೆಲ ಸಮವಾಗಿರಬೇಕು, ನೀರು ಹತ್ತಿರವಿರಬೇಕು, ನೆರಳಿರಬೇಕು, ರಸ್ತೆ ದೂರವಿರಬಾರದು. ಪಟ್ಟಿಯನ್ನು ಟೈಪು ಮಾಡಿಸಿ ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿಸಿದ್ದೆ. ಈಗ ನೆನೆದರೆ ನಗು ಬರುತ್ತದೆ. ತುರ್ವಿಹಾಳದ ಖಾಜಾಸಾಬ್ ತಮ್ಮ ಟೆಂಪೋ ಬಾಡಿಗೆಗೆ ತಂದಿದ್ದರು. ಇಪ್ಪತ್ತೆರಡು ಹುಡುಗಿಯರು, ಆರು ಡೇರೆ, ಒಂದು ದೊಡ್ಡ ಪಾತ್ರೆ, ಅಡುಗೆಯ ಸಾಮಾನು. ಗುರುಗುಂಟಾದ ಕಡೆ ಹೊರಟೆವು.

ಮೊದಲು ನೋಡಿದ ಜಾಗ ಒಂದು ಶಾಲೆಯ ಬಯಲು. ಅಲ್ಲಿ ಎದುರಿಗೇ ಅಂಗಡಿ ಸಾಲು; ಹುಡುಗಿಯರು ಹುಲ್ಲು ನೋಡುವ ಬದಲು ಐಸ್ ಕ್ರೀಮ್ ನೋಡುತ್ತಾರೆಂದು ಬಿಟ್ಟೆ. ಎರಡನೆಯದು ಗುಡ್ಡದ ನೆತ್ತಿ. ಹತ್ತುವಷ್ಟರಲ್ಲಿ ನನ್ನ ಉಸಿರು ನಿಂತಿತು, ಅಲ್ಲಿ ಬಂಡೆಗೆ ಗೂಟ ಇಳಿಯಲಿಲ್ಲ. ಮೂರನೆಯದು ಗುಡ್ಡದ ಬುಡದಲ್ಲಿ ಹರಿಯುವ ಹಳ್ಳದ ತಿರುವು. ಹಳ್ಳದಲ್ಲಿ ಮೊಣಕಾಲು ಮುಟ್ಟದಷ್ಟು ತಿಳಿನೀರು, ಬದಿಯಲ್ಲಿ ಬೆಳ್ಳಗಿನ ಮೆತ್ತನೆಯ ಮರಳು, ಮರಳಿನ ಅಂಚಿಗೆ ನಾಲ್ಕು ಹೊಂಗೆಯ ಮರ. ನನ್ನ ಪಟ್ಟಿಯನ್ನು ಓದಿಕೊಂಡೇ ಯಾರೋ ಈ ಜಾಗವನ್ನು ಮಾಡಿದ್ದಾರೆ ಅನ್ನಿಸಿತು. ಮುಖ್ಯ ಡೇರೆ ಎಲ್ಲಿ ಬರಬೇಕೆಂದು ನಾನೇ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿದೆ. ಬೆಣ್ಣೆಯಲ್ಲಿ ಇಳಿದಂತೆ ಇಳಿದವು.

ಅಷ್ಟು ಹೊತ್ತೂ ಹಳ್ಳದ ದಡದ ಮೇಲೆ ಒಬ್ಬ ಮುದುಕಿ ಕೋಲೂರಿ ನಿಂತು ನೋಡುತ್ತಿದ್ದಳು. ಅರವತ್ತು ದಾಟಿರಬೇಕು. ಹೆಗಲ ಮೇಲೆ ಕರಿಕಂಬಳಿ, ಹಿಂದೆ ಇಳಿಜಾರಿನಲ್ಲಿ ಚೆಲ್ಲಿದಂತೆ ಕುರಿಗಳು. ಅವಳೇ ಮಾಳಮ್ಮ. ನನ್ನ ಗೂಟದ ಕೆಲಸ ಮುಗಿಯುವವರೆಗೆ ಕಾದು, ಆಮೇಲೆ ಮೆಲ್ಲಗೆ ಹೇಳಿದಳು.

“ಇಲ್ಲಿ ಇಳೀಬ್ಯಾಡ ತಂಗೆವ್ವ. ಇದು ಹಳ್ಳದ ಹಾಸಿಗಿ. ಹಾಸಿಗಿ ಬಿಟ್ಟು ಊರಿಗೆ ಹೋಗೈತಿ ಅಷ್ಟ. ಬಂದಾಗ ಯಾರ್ ಮಲಗ್ಯಾರ ಅಂತ ಕೇಳಂಗಿಲ್ಲ.”

ನಾನು ಆಕಾಶ ತೋರಿಸಿದೆ. ಒಂದು ಹಿಡಿ ಮೋಡವೂ ಇರಲಿಲ್ಲ. ಅವಳು ನನ್ನ ಬೆರಳಿನ ಕಡೆ ನೋಡಲೇ ಇಲ್ಲ. ನಮ್ಮ ತಲೆಯ ಮೇಲಿನ ಮುಗಿಲಿಗೂ ಹಳ್ಳಕ್ಕೂ ಸಂಬಂಧವಿಲ್ಲ, ಮೇಲಿನ ಸೀಮೆಯಲ್ಲಿ ಎಲ್ಲೋ ಸುರಿದರೆ ಸಾಕು, ಇಲ್ಲಿಗೆ ಬರುತ್ತದೆ ಎಂದಳು. ಆಮೇಲೆ ಕೋಲಿನಿಂದ ಹೊಂಗೆಯ ಮರವನ್ನು ತೋರಿಸಿದಳು. ನನ್ನ ತಲೆಗಿಂತ ಎರಡು ಮೊಳ ಮೇಲೆ, ಕೊಂಬೆಯ ಕವಲಿನಲ್ಲಿ ಒಣ ಹುಲ್ಲು, ಕಡ್ಡಿ, ಹರಿದ ಚೀಲದ ಚೂರು ಸಿಕ್ಕಿಕೊಂಡಿತ್ತು. ಅದನ್ನು ನಾನು ಆಗಲೇ ನೋಡಿದ್ದೆ. ಹುಡುಗಿಯರಿಗೂ ತೋರಿಸಿ, ಹಕ್ಕಿಯ ಗೂಡು, ಯಾವ ಹಕ್ಕಿಯದೆಂದು ನಾಳೆ ಪತ್ತೆ ಮಾಡೋಣ ಎಂದಿದ್ದೆ. ನಾಲ್ಕೂ ಮರಗಳಲ್ಲಿ ಒಂದೇ ಎತ್ತರಕ್ಕೆ ಗೂಡು ಕಟ್ಟುವ ಹಕ್ಕಿ ಯಾವುದು ಎಂಬ ಪ್ರಶ್ನೆ ಹದಿನೈದು ವರ್ಷ ಸಸ್ಯಶಾಸ್ತ್ರ ಕಲಿಸಿದ ನನ್ನ ತಲೆಗೆ ಹೊಳೆದಿರಲಿಲ್ಲ. ಅದು ಹಿಂದೊಮ್ಮೆ ಹಳ್ಳ ಬಂದಾಗ ನೀರು ಮುಟ್ಟಿದ ಎತ್ತರ.

ಖಾಜಾಸಾಬ್ ಡೇರೆಗಳನ್ನು ಮತ್ತೆ ಟೆಂಪೋಗೆ ಏರಿಸತೊಡಗಿದರು. ನಾನು ಮಾತ್ರ ನನ್ನ ನಾಲ್ಕು ಗೂಟಗಳನ್ನು ಕೀಳಲಿಲ್ಲ. ನಾಳೆ ಮತ್ತೆ ನೋಡಿದರಾಯಿತು ಎಂದು ಬಿಟ್ಟೆ. ಓದಿದವರ ಹಟ ನಿಮಗೆ ಗೊತ್ತೇ ಇದೆ.

ಹಾಗಾದರೆ ಎಲ್ಲಿ ಹಾಕಬೇಕು ಎಂದು ಕೇಳಿದೆ. ದನಿಯಲ್ಲಿ ಸ್ವಲ್ಪ ಮುನಿಸೂ ಇದ್ದಿರಬೇಕು. ದೂರದಲ್ಲಿ, ಅವಳ ಸೊಸೆ ಹೇರು ಹೊತ್ತ ಕತ್ತೆಯನ್ನು ಹೊಡೆದುಕೊಂಡು ಗುಡ್ಡದ ಹೆಗಲಿಗೆ ಏರುತ್ತಿದ್ದಳು. ಮಾಳಮ್ಮ ಅತ್ತ ನೋಡಿ ಕೋಲೆತ್ತಿ ಬೀಸಿದಳು. ಸೊಸೆ ನಿಂತಳು, ಕತ್ತೆಯನ್ನು ತಿರುಗಿಸಿಕೊಂಡು ಗುಡ್ಡದ ಆಚೆ ಬದಿಗೆ ಮರೆಯಾದಳು. ಕುರುಬರ ಸನ್ನೆಗಳು ನನಗೇನು ಗೊತ್ತು? ಬಾ ಎಂದು ಮುದುಕಿ ಮುಂದೆ ನಡೆದಳು.

ಆ ನಡಿಗೆಯನ್ನು ನಾನು ಮರೆಯಲಾರೆ. ಅವಳು ನೆಲವನ್ನು ಬರಿಗಾಲಲ್ಲಿ ಓದುತ್ತಿದ್ದಳು. ಕರಡದ ಹುಲ್ಲು ತೆಳ್ಳಗೆ ಬೆಳೆದ ಕಡೆ ಕೆಳಗೆ ಗರಸು, ಸಣ್ಣ ಕಲ್ಲುಮಣ್ಣು ಇದೆ, ನೀರು ನಿಲ್ಲುವುದಿಲ್ಲ ಎಂದಳು. ಜೌಗಿನಲ್ಲಿ ಬೆಳೆಯುವ ಜೇಕು ಕಂಡಲ್ಲಿ ಕಾಲಿಡಲೂ ಇಲ್ಲ. ಹುತ್ತವಿದ್ದ ಕಡೆಯಿಂದ ದೂರ ಸರಿದಳು. ಈ ತಿಂಗಳಲ್ಲಿ ಮಳೆ ಮೂಡಲಿಂದ ಬರುತ್ತದೆ, ಆದ್ದರಿಂದ ಬೆನ್ನಿಗೆ ಮೂಡಲ ಕಡೆ ಬಂಡೆ ಬೇಕು ಎಂದಳು. ಗುಡ್ಡದ ಹೆಗಲಿನ ಮೇಲೆ ಆನೆಯಷ್ಟು ದೊಡ್ಡ ಬಂಡೆಯೊಂದರ ಮರೆಗೆ ಬಂದಾಗ ನಿಂತು, ಕಂಬಳಿ ಹಾಸದೆಯೇ ನೆಲದ ಮೇಲೆ ಮಲಗಿದಳು. ಕೆನ್ನೆ ಮಣ್ಣಿಗೆ ಒತ್ತಿತ್ತು, ಕಣ್ಣು ಮುಚ್ಚಿತ್ತು. ನನ್ನ ಹುಡುಗಿಯರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಎದ್ದು, ಸೆರಗಿನ ಮಣ್ಣು ಕೊಡವಿ, ಇಲ್ಲಿ ಆಗುತ್ತದೆ ಎಂದಳು. ಅಲ್ಲಿ ಮಸಿ ಹಿಡಿದ ಮೂರು ಒಲೆಗಲ್ಲುಗಳಿದ್ದವು, ಹಳೆಯ ಹಿಕ್ಕೆಯೂ ಇತ್ತು. ಕುರಿ ಹಿಕ್ಕೆ ಹಾಕದ ಜಾಗ ಈ ಸೀಮೆಯಲ್ಲಿ ಎಲ್ಲಿದೆ ಎಂದುಕೊಂಡು ಗುಡಿಸಿ ಡೇರೆ ಹಾಕಿಸಿದೆ. ಒಲೆಗಲ್ಲಿನ ಮೇಲೆ ನಮ್ಮ ದೊಡ್ಡ ಪಾತ್ರೆ ಸರಿಯಾಗಿ ಕೂತಿತು. ನಮ್ಮ ಅದೃಷ್ಟ ಎಂದು ಹುಡುಗಿಯರು ಸಂತೋಷಪಟ್ಟರು.

ಆ ಸಂಜೆ ಹೊತ್ತು ಇಳಿಯುವಾಗ ಅಲ್ಲಿಂದ ಕಂಡದ್ದನ್ನು ಹೇಗೆ ಹೇಳಲಿ? ಮಸ್ಕಿಯ ಕಡೆಗೆ ಬಯಲು ಬಿಚ್ಚಿಕೊಂಡು ಹೋಗಿತ್ತು. ನಡುನಡುವೆ ಗುಡ್ಡಗಳು ಮಂಡಿಯೂರಿ ಕೂತಂತಿದ್ದವು. ಬಿಸಿಲು ಓರೆಯಾದಂತೆ ಹುಲ್ಲಿನ ತೆನೆತೆನೆಯೊಳಗೂ ದೀಪ ಹಚ್ಚಿದಂತಾಗಿ, ಗಾಳಿ ಬೀಸಿದರೆ ಆ ಬೆಳಕೇ ಗುಡ್ಡದಿಂದ ಗುಡ್ಡಕ್ಕೆ ಹರಿಯುತ್ತಿತ್ತು. ಟೆಂಪೋದಲ್ಲಿ ಒಂದು ನಿಮಿಷ ಬಾಯಿ ಮುಚ್ಚದ ಹುಡುಗಿಯರು ತಾವಾಗಿಯೇ ಸುಮ್ಮನಾದರು. ಪಾಠ ಹೇಳಬೇಕೆಂದಿದ್ದ ನಾನೂ ಅವರ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತೆ.

ಮರುದಿನ ಮಧ್ಯಾಹ್ನ ನಾಲ್ಕರ ಹೊತ್ತು. ಬಿಸಿಲು ಚೆನ್ನಾಗಿತ್ತು. ಹುಡುಗಿಯರು ಬಂಡೆಯ ನೆರಳಲ್ಲಿ ಕೂತು ಹುಲ್ಲಿನ ಮಾದರಿಗಳನ್ನು ಹಾಳೆಗೆ ಅಂಟಿಸುತ್ತಿದ್ದರು. ಮೊದಲು ಲಾರಿಯ ಸದ್ದು ಕೇಳಿಸಿತು. ಇಲ್ಲಿಗೆ ಲಾರಿ ಹೇಗೆ ಬಂದೀತು ಎಂದು ನಾನು ಎದ್ದು ನಿಂತೆ. ಹಳ್ಳದ ಮೇಲಿನ ತಿರುವಿನಲ್ಲಿ ಕೆಂಪು ಗೋಡೆಯೊಂದು ಕಾಣಿಸಿತು. ಅದು ನಡೆದು ಬರುತ್ತಿತ್ತು. ಅದರ ಮುಂಭಾಗದಲ್ಲಿ ಜಾಲಿಮುಳ್ಳು, ಕಟ್ಟಿಗೆ, ಬೇರುಸಹಿತ ಕಿತ್ತ ಒಂದು ಮರ ಉರುಳಾಡುತ್ತಿದ್ದವು. ಮರಳನ್ನು ಅದು ಮುಚ್ಚಲಿಲ್ಲ, ಎತ್ತಿಕೊಂಡು ಹೋಯಿತು. ನನ್ನ ನಾಲ್ಕು ಗೂಟಗಳಿದ್ದ ಜಾಗ ಕಣ್ಣು ಮಿಟುಕಿಸುವುದರೊಳಗೆ ಇರಲಿಲ್ಲ. ಹೊಂಗೆಯ ಮರಗಳು ಕುತ್ತಿಗೆಯವರೆಗೆ ನೀರಿನಲ್ಲಿ ನಿಂತು ನಡುಗುತ್ತಿದ್ದವು. ನಮ್ಮ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ಆಕಾಶ ನಿನ್ನೆಯಷ್ಟೇ ನೀಲಿಯಾಗಿತ್ತು. ಕಾಲ ಕೆಳಗಿನ ಬಂಡೆಯೇ ಗುಂಯ್ ಎನ್ನುತ್ತಿತ್ತು.

ನಾನು ಹುಡುಗಿಯರನ್ನು ಎಣಿಸಿದೆ. ಇಪ್ಪತ್ತೆರಡು. ಮತ್ತೆ ಎಣಿಸಿದೆ. ಎಣಿಸುತ್ತಲೇ ಇದ್ದೆ. ಕೊನೆಗೆ ಖಾಜಾಸಾಬ್ ಬಂದು, “ಎಲ್ಲಾರೂ ಅದಾರ್ರಿ ಮೇಡಂ, ಕುಂದರ್ರಿ” ಎಂದು ನೀರು ಕೊಟ್ಟರು. ಆಗ ನನಗೆ ಹೆದರಿಕೆಯಾಯಿತೇ ಎಂದು ಕೇಳಿದರೆ, ಹೆದರಿಕೆ ಆಮೇಲೆ ಬಂತು. ಆ ಹೊತ್ತಿಗೆ ತುಂಬಿಕೊಂಡದ್ದು ಬೇರೆ. ನನ್ನನ್ನು ಕೇಳದೆ ನಡೆಯುವ ಇಷ್ಟು ದೊಡ್ಡದೊಂದು ಲೋಕದಲ್ಲಿ ಇಷ್ಟು ವರ್ಷ ಗೇಟಿನವನನ್ನು ನಂಬಿ ಬದುಕಿದ್ದೆನಲ್ಲ ಎನ್ನಿಸಿ, ನನಗರಿವಿಲ್ಲದೆ ಕೈ ಮುಗಿದಿದ್ದೆ.

ಮುಸ್ಸಂಜೆಗೆ ಮಳೆ ನಮ್ಮಲ್ಲಿಗೂ ಬಂತು, ಮಾಳಮ್ಮ ಹೇಳಿದಂತೆ ಮೂಡಲಿಂದ. ಒಂದು ತಾಸು ಬಂಡೆಯ ಬೆನ್ನಿಗೆ ಹೊಡೆದು ಹೋಯಿತು. ನಮ್ಮ ಡೇರೆಗಳ ಅಂಚುಗಳಷ್ಟೇ ನೆನೆದವು.

ಬೆಳಗಾಗುತ್ತಲೇ ನಾನು ಮಾಳಮ್ಮನಿಗೆ ಕೈ ಮುಗಿದು ಬರಲು ಹೊರಟೆ. ಖಾಜಾಸಾಬ್ ಜೊತೆಗೆ ಬಂದರು. ಗುಡ್ಡದ ಆಚೆ ಬದಿ ಬರೀ ಕಲ್ಲು. ಇಳಿಜಾರಿನ ಬೋಳುಬಂಡೆಯ ಮೇಲೆ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಉಣ್ಣೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೊಸೆ ಒದ್ದೆ ಕಟ್ಟಿಗೆಯನ್ನು ಊದುತ್ತಿದ್ದಳು, ಹೊತ್ತಿಕೊಳ್ಳುತ್ತಿರಲಿಲ್ಲ. ಮಾಳಮ್ಮ ಕಂಬಳಿಯ ಕೊಪ್ಪೆ ಹೊದ್ದು ನಿಂತಿದ್ದಳು. ಕೊಪ್ಪೆಯೊಳಗಿಂದ ಎರಡು ಮರಿಗಳ ಮೂತಿಗಳು ಹೊರಗೆ ಬಂದಿದ್ದವು. ಒಂದು ಮೂಲೆಯಲ್ಲಿ ಗೋಣಿಚೀಲ ಹೊದಿಸಿದ್ದರು. ಅದರ ಅಡಿಯಲ್ಲಿ ಸಣ್ಣ ಕಾಲುಗಳು ಕಂಡವು. ಅಲುಗುತ್ತಿರಲಿಲ್ಲ.

ಇಂಥ ಕಡೆ ಯಾಕೆ ಬಿಡಾರ ಹಾಕಿದಿರಿ ಎಂದು ಕೇಳುವಷ್ಟು ದಡ್ಡಿ ನಾನು. ಖಾಜಾಸಾಬ್ ನೆಲ ನೋಡುತ್ತ ಹೇಳಿದರು, “ನಾವು ಇಳಿದ ಜಾಗ ಇವರದ್ರಿ. ವರ್ಷಾ ವರ್ಷಾ ಅಲ್ಲೇ ಇಳೀತಾರ. ಒಲಿಕಲ್ಲು ನೋಡಿದ್ರಲ್ಲ. ನಿಮಗ ಮಾಲೂಮ್ ಐತಿ ಅಂತ ನಾ ಸುಮ್ಮನಿದ್ನಿ.”

ಕತ್ತೆ ತಿರುಗಿಹೋದದ್ದು ಆಗ ನನಗೆ ಅರ್ಥವಾಯಿತು. ಮೊದಲೇ ಹೇಳಬಾರದಿತ್ತೇ ಯವ್ವಾ ಎಂದಷ್ಟೇ ಕೇಳಿದೆ. ಮಾಳಮ್ಮ ಕೊಪ್ಪೆಯೊಳಗಿನ ಮರಿಯನ್ನು ಸರಿಪಡಿಸಿಕೊಂಡಳು.

“ಕುರಿ ನಿಂತು ರಾತ್ರಿ ಕಳೀತಾವ ತಂಗೆವ್ವ. ನಿನ್ನ ಹುಡುಗೇರು ಕಳದಾರೇನ?”

ಅದನ್ನು ಅವಳು ಉಪಕಾರದ ದನಿಯಲ್ಲಿ ಹೇಳಲಿಲ್ಲ. ಗರಸು ಎಲ್ಲಿದೆ, ಜೇಕು ಎಲ್ಲಿದೆ ಎಂದು ಹೇಳಿದ ದನಿಯೇ ಅದು. ಹಿಂದಿನ ದಿನ ಹಳ್ಳವನ್ನು ಕಂಡು ನಾನು ಕೈ ಮುಗಿದಿದ್ದೆ. ಈ ಮುದುಕಿಯ ಎದುರಿಗೆ ಕೈ ಎತ್ತಲೂ ಆಗದೆ ನಿಂತೆ.

ನಾನು ಮರಳಿ ಬಂದು ಹುಡುಗಿಯರಿಗೆ ನಡೆದದ್ದನ್ನು ಹೇಳಿದೆ. ಮುಂದಿನದನ್ನು ಅವರೇ ಮಾಡಿದರು. ಓಡಿಹೋಗಿ ಒಬ್ಬೊಬ್ಬರು ಒಂದೊಂದು ಮರಿ ಎತ್ತಿಕೊಂಡು ಬಂದರು. ಡೇರೆಗಳಲ್ಲಿ ತಮ್ಮ ಟವೆಲ್ಲಿನಿಂದ, ದುಪಟ್ಟಾದಿಂದ ಒರೆಸಿ ಕೂಡಿಸಿದರು. ಸೊಸೆ ನಮ್ಮ ಒಲೆಯ ಮುಂದೆ ಕೂತು ಚಹಾ ಕುಡಿದಳು. ಅಲ್ಲ, ಅವಳ ಒಲೆಯ ಮುಂದೆ ನಾವು ಕೂತಿದ್ದೆವು. ಮೂರನೆಯ ದಿನದ ಪಾಠ ನಡೆಯಲಿಲ್ಲ. ಗೋಣಿಚೀಲದ ಅಡಿಯ ಮರಿಯನ್ನು ಖಾಜಾಸಾಬ್ ಗುಂಡಿ ತೋಡಿ ಹೂತರು. ಹೊರಡುವಾಗ ಮಾಳಮ್ಮ ನಮ್ಮನ್ನು ಕಳಿಸಲು ಬರಲಿಲ್ಲ. ಅವಳ ಕುರಿಗಳು ಆಗಲೇ ಇಳಿಜಾರಿನಲ್ಲಿ ಮೇಯುತ್ತಿದ್ದವು. ಆಮೇಲೆ ಅವಳನ್ನು ನಾನು ಕಂಡಿಲ್ಲ. ಎರಡು ವರ್ಷ ಹುಡುಕಿಕೊಂಡು ಹೋಗಿದ್ದೆ. ಮೇವು ನೋಡಿ ಬೇರೆ ಸೀಮೆಗೆ ಹೋಗಿದ್ದಾರೆ ಎಂದರು.

ಕಳೆದ ಭಾನುವಾರ ಶಾಹೀನಾ ಮತ್ತು ನಾನು ಜಾಗ ನೋಡಲು ಹೋಗಿದ್ದೆವು, ಈ ಸಲ ಬೇರೆಯೇ ಗುಡ್ಡ. ಅವಳು ಫೋನಿನಲ್ಲಿ ನಕ್ಷೆ ತೆರೆದಿದ್ದಳು. ನನ್ನ ಪಟ್ಟಿಗಿಂತ ಅದು ಎಷ್ಟೋ ಮೇಲು ಎಂದು ಒಪ್ಪಿಕೊಳ್ಳುತ್ತೇನೆ. ಹಳ್ಳದಿಂದ ಎತ್ತರದಲ್ಲಿ, ಮೂಡಲಿಗೆ ಬಂಡೆಯಿದ್ದ ಗರಸಿನ ನೆಲವೊಂದನ್ನು ಅವಳೇ ಕಂಡುಹಿಡಿದಳು. ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ ಮೇಡಂ ಎಂದಳು. ನಿಜವಾಗಿಯೂ ಸಿಗುವಂತಿರಲಿಲ್ಲ. ನಾನು ಸುತ್ತ ನೋಡಿದೆ. ಬಂಡೆಯ ಬುಡದಲ್ಲಿ ಮಸಿಯಾದ ಎರಡು ಕಲ್ಲು ಕೂತಿದ್ದವು, ಮೂರನೆಯದು ಉರುಳಿ ಹುಲ್ಲಿನಲ್ಲಿ ಬಿದ್ದಿತ್ತು.

“ಇದು ಬ್ಯಾಡವ್ವ,” ಎಂದೆ. “ಇದು ಒಬ್ಬರದು ಐತಿ.”

ಯಾರದು ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಸ್ವಲ್ಪ ಆಚೆಗೆ ಗಾಳಿಗೆ ಮೈಯೊಡ್ಡಿದ, ಗೂಟ ಇಳಿಸಲು ಕಷ್ಟವಾಗುವ, ಆದರೆ ನೀರು ಬಾರದ ಕಲ್ಲುನೆಲವೊಂದಿತ್ತು. ಶಾಹೀನಾ ಒಮ್ಮೆ ಆ ನೆಲವನ್ನು, ಒಮ್ಮೆ ನನ್ನನ್ನು ನೋಡಿದಳು. ಬಿದ್ದಿದ್ದ ಕಲ್ಲನ್ನು ಎತ್ತಿ ಉಳಿದೆರಡರ ಪಕ್ಕಕ್ಕೆ ಸರಿಯಾಗಿ ಇಟ್ಟು, ನಾವು ಆ ಕಲ್ಲುನೆಲದ ಕಡೆ ನಡೆದೆವು.